ಕರೆಂಟ್ ಬಂದಾಗ ಬಿಎಂಸಿಯಲ್ಲಿ 85 ಡಿಗ್ರಿ ಏಕೆ?

ಹೋಗಿದ್ದ ಕರೆಂಟ್ ಬಂದ ಕೂಡಲೇ ಸಂಘದ ಬಿಎಂಸಿ ಪರದೆಯಲ್ಲಿ 85 ಡಿಗ್ರಿ ಕಂಡರೆ ಗಾಬರಿಯಾಗಬೇಡಿ, ಅಕ್ಕಂದಿರೇ. 4 ಡಿಗ್ರಿಗೆ ತಣಿದ ಹಾಲು ಹಾಗೆ ಒಮ್ಮೆಲೇ ಕಾಯುವುದಿಲ್ಲ.

ಡಿಎಸ್18ಬಿ20 ಎಂಬ ಸೆನ್ಸರ್ ಇರುವ ಕಡೆ ಹೀಗಾಗುವುದುಂಟು. ಕರೆಂಟ್ ಸಿಕ್ಕ ಕ್ಷಣ ಅದರ ನೆನಪಿನಲ್ಲಿರುವ ಅಂಕಿಯೇ 85. ನಿಜವಾದ ತಾಪ ಅಳೆಯಲು ಅದಕ್ಕೆ ಮುಕ್ಕಾಲು ಸೆಕೆಂಡ್‌ವರೆಗೆ ಬೇಕು. ಸೆನ್ಸರಿನ ಅಂಕಿಯನ್ನು ಓದಿ ಪರದೆಗೆ ಕೊಡುವ ಪುಟ್ಟ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಒಳ್ಳೆಯ ಡ್ರೈವರ್ ಅಷ್ಟು ಹೊತ್ತು ಕಾಯುತ್ತದೆ. ಅವಸರದ್ದು ಆ 85ನ್ನೇ ತೋರಿಸಿಬಿಡುತ್ತದೆ. ಹಾಗೆಂದು 85 ಬಂದಾಗಲೆಲ್ಲ ಬಿಟ್ಟುಬಿಡುವಂತೆಯೂ ಇಲ್ಲ, ಹಾಲು ಕಾಯಿಸುವ ಯಂತ್ರದಲ್ಲಿ ಅದು ನಿಜವಾದ ತಾಪವೇ ಆಗಿರಬಹುದು! ಅದಕ್ಕೇ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಡ್ರೈವರ್‌ನಲ್ಲಿ, ಸೆನ್ಸರಿನೊಳಗಿನ ಇನ್ನೊಂದು ಗುರುತು ನೋಡಿ ಇದು ಅಳತೆಯೋ ಆರಂಭದ ಅಂಕಿಯೋ ಎಂದು ತಿಳಿಯುವ ಏರ್ಪಾಡಿದೆ.

ಒಂದು ನಿಮಿಷ ಕಾದು ನೋಡಿ. ಆಮೇಲೂ 85 ಮತ್ತೆ ಮತ್ತೆ ಬಂದರೆ ವೈರ್ ಸಡಿಲವಾಗಿ ಸೆನ್ಸರ್ ಪದೇ ಪದೇ ಆರಿ ಹೊತ್ತುತ್ತಿರಬಹುದು, ಮೆಕ್ಯಾನಿಕ್‌ಗೆ ಹೇಳಿ. ಆ ಅಂಕಿ ನಂಬಿ ಹಾಲು ಚೆಲ್ಲಬೇಡಿ, ಸುಳ್ಳು ಅಂಕಿ ಎಂದು ಸುಮ್ಮನೆಯೂ ಕೂರಬೇಡಿ. ಕರೆಂಟ್ ಇಲ್ಲದ ಹೊತ್ತಿನಲ್ಲಿ ಹಾಲು ನಿಜವಾಗಿಯೇ ಬೆಚ್ಚಗಾಗಿರಬಹುದು. ಹಾಲನ್ನು ಚೆನ್ನಾಗಿ ಕಲಕಿಸಿ, ತೊಳೆದ ಸ್ಟೀಲ್ ಥರ್ಮಾಮೀಟರ್ ಅದ್ದಿ ನೋಡಿ.