ವನ್ಯಜೀವಿ ಛಾಯಾಗ್ರಹಣದಲ್ಲಿ ಮಸೂರದ ಆಯ್ಕೆ

ವನ್ಯಜೀವಿ ಛಾಯಾಗ್ರಹಣದಲ್ಲಿ ಮಸೂರದ ಆಯ್ಕೆಯು ಪ್ರಾಣಿಯ ಗಾತ್ರ, ಅದು ನಿಂತಿರುವ ದೂರ ಮತ್ತು ಆ ಹೊತ್ತಿನ ಬೆಳಕು ಎಂಬ ಮೂರು ಸಂಗತಿಗಳನ್ನು ಅವಲಂಬಿಸಿದೆ. ಕರ್ನಾಟಕದಲ್ಲಿ ಈ ಬಗೆಯ ಛಾಯಾಗ್ರಹಣದ ಮುಖ್ಯ ನೆಲೆಗಳಲ್ಲಿ ಒಂದು, 1973ರಲ್ಲಿ ಹುಲಿ ಯೋಜನೆಗೆ ಒಳಪಟ್ಟ ಬಂಡೀಪುರ. ಗುಂಡ್ಲುಪೇಟೆಯಿಂದ ಊಟಿ ಕಡೆಗೆ ಹೋಗುವ ಹೆದ್ದಾರಿ ಈ ಕಾಡನ್ನು ಹಾದುಹೋಗುತ್ತದೆ. ಕಾಡಿನೊಳಗೆ ವಾಹನದಿಂದ ಇಳಿಯುವಂತಿಲ್ಲವಾದ್ದರಿಂದ, ಪ್ರಾಣಿಯನ್ನು ಹತ್ತಿರಕ್ಕೆ ತರುವ ಕೆಲಸವನ್ನು ಮಸೂರವೇ ಮಾಡಬೇಕಾಗುತ್ತದೆ.

ಹಿನ್ನೆಲೆ

ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್ ಮೊದಲಾದವರು ಫಿಲ್ಮ್ ಕಾಲದಲ್ಲಿ ರಾಜ್ಯದ ವನ್ಯಜೀವಿ ಛಾಯಾಗ್ರಹಣಕ್ಕೆ ಹೆಸರು ತಂದರು. ಮೈಸೂರಿನ ಕೃಪಾಕರ–ಸೇನಾನಿ ಜೋಡಿಯು ಬಂಡೀಪುರ ಸೀಮೆಯ ಸೀಳುನಾಯಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಚಿತ್ರೀಕರಿಸಿದೆ. ಫಿಲ್ಮ್‌ನಲ್ಲಿ ಬೆಳಕಿನ ಸಂವೇದನೆ ಇಡೀ ಸುರುಳಿಗೆ ಒಂದೇ ಆಗಿರುತ್ತಿತ್ತು. ಡಿಜಿಟಲ್ ಕ್ಯಾಮೆರಾದಲ್ಲಿ ಅದನ್ನು ಪ್ರತಿ ಚಿತ್ರಕ್ಕೂ ಬದಲಿಸಬಹುದು. ಕಾಡಿನ ಮಂದ ಬೆಳಕಿನಲ್ಲಿ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ.

ಸಂಗಮದೂರ

ಮಸೂರದ ಮೇಲೆ ಮಿಲಿಮೀಟರ್‌ಗಳಲ್ಲಿ ನಮೂದಿಸಿರುವ ಸಂಖ್ಯೆಯೇ ಸಂಗಮದೂರ. ಛಾಯಾಗ್ರಾಹಕರು ಇದನ್ನು ಫೋಕಲ್ ಲೆಂತ್ ಎನ್ನುತ್ತಾರೆ. ಇದು ಹೆಚ್ಚಿದಂತೆ ನೋಟದ ಹರವು ಕಿರಿದಾಗಿ ವಸ್ತು ದೊಡ್ಡದಾಗಿ ಮೂಡುತ್ತದೆ. 36 ಮಿ.ಮೀ. ಅಗಲದ ಸಂವೇದಕವಿರುವ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 50 ಮಿ.ಮೀ. ಮಸೂರವು 40 ಮೀಟರ್ ದೂರದಲ್ಲಿ ಸುಮಾರು 29 ಮೀಟರ್ ಅಗಲದ ದೃಶ್ಯವನ್ನು ಸೆರೆಹಿಡಿಯುತ್ತದೆ. ಅಲ್ಲಿರುವ ಜಿಂಕೆ ಚಿತ್ರದಲ್ಲಿ ಒಂದು ಚುಕ್ಕೆಯಷ್ಟೇ. 400 ಮಿ.ಮೀ. ಮಸೂರದಲ್ಲಿ ಈ ಅಗಲ 3.6 ಮೀಟರಿಗೆ ಇಳಿಯುವುದರಿಂದ, ಅದೇ ಜಿಂಕೆ ಚೌಕಟ್ಟಿನ ಸುಮಾರು ಅರ್ಧವನ್ನು ತುಂಬುತ್ತದೆ. ಚಿಕ್ಕ ಸಂವೇದಕದ ಎಪಿಎಸ್‌-ಸಿ ಕ್ಯಾಮೆರಾಗಳಲ್ಲಿ ದೃಶ್ಯ ಇನ್ನೂ ಕಿರಿದಾಗಿ, 400 ಮಿ.ಮೀ. ಮಸೂರವು 600 ಮಿ.ಮೀ. ಮಸೂರದಷ್ಟೇ ಹತ್ತಿರದ ನೋಟವನ್ನು ಕೊಡುತ್ತದೆ.

ಆದರೆ ಉದ್ದದ ಮಸೂರವೇ ಸದಾ ಮೇಲು ಎಂಬುದು ತಪ್ಪು ತಿಳುವಳಿಕೆ. 30 ಮೀಟರ್ ದೂರದ ಆನೆಯ ಇಡೀ ದೇಹಕ್ಕೆ 200 ಮಿ.ಮೀ. ಸಾಕು. 400ರಲ್ಲಿ ಸೊಂಡಿಲೋ ಕಿವಿಯೋ ಮಾತ್ರ ಸಿಗುತ್ತದೆ. ಒಂದೇ ಸಫಾರಿಯಲ್ಲಿ ಆನೆಯೂ ಮರಕುಟಿಗವೂ ಎದುರಾಗುವ ಕಾಡಿನಲ್ಲಿ 100–400 ಮಿ.ಮೀ. ರೀತಿಯ ಜೂಮ್ ಮಸೂರ ಹೆಚ್ಚು ಉಪಯುಕ್ತ. ಧೂಳಿನಲ್ಲಿ ಮಸೂರ ಬದಲಿಸುವ ತಾಪತ್ರಯವೂ ತಪ್ಪುತ್ತದೆ.

ದ್ಯುತಿರಂಧ್ರ ಮತ್ತು ಬೆಳಕು

ಮಸೂರದ ಬೆಲೆಯನ್ನು ಹೆಚ್ಚಾಗಿ ನಿರ್ಧರಿಸುವುದು ದ್ಯುತಿರಂಧ್ರ, ಅಂದರೆ ಅಪರ್ಚರ್. ಎಫ್/2.8ರಲ್ಲಿ ಒಳಬರುವ ಬೆಳಕಿನ ಕಾಲು ಭಾಗವಷ್ಟೇ ಎಫ್/5.6ರಲ್ಲಿ ಬರುತ್ತದೆ. ಮುಂಜಾನೆಯ ಸಫಾರಿಯಲ್ಲಿ ಎಫ್/2.8 ಮಸೂರಕ್ಕೆ 1600 ಐಎಸ್‌ಒ ಸಾಲುವ ಕಡೆ, ಅದೇ ಶಟರ್ ವೇಗವನ್ನು ಉಳಿಸಿಕೊಳ್ಳಲು ಎಫ್/5.6 ಮಸೂರಕ್ಕೆ 6400 ಬೇಕು. ಆಗ ಚಿತ್ರದಲ್ಲಿ ಮರಳಿನಂಥ ಕಣಗಳು ತೋರುತ್ತವೆ. ಹೊಸಬರು ಇದಕ್ಕೆ ಹೆದರಿ ಐಎಸ್‌ಒ ಇಳಿಸುವುದುಂಟು. ಕಣಗಳನ್ನು ತಂತ್ರಾಂಶದಿಂದ ಬಹುಮಟ್ಟಿಗೆ ತಗ್ಗಿಸಬಹುದು, ಅಲುಗಿದ ಚಿತ್ರವನ್ನು ಸರಿಪಡಿಸುವುದು ಕಷ್ಟ.

ಸಾಮಾನ್ಯ ತೊಂದರೆಗಳು

ಚಿತ್ರ ಮಸುಕಾದಾಗ ದೂರು ಮೊದಲು ಮಸೂರದ ಮೇಲೆ ಬರುತ್ತದೆ. ನಿಜವಾದ ಕಾರಣ ಹೆಚ್ಚಿನ ಸಲ ಕೈ ನಡುಕ ಅಥವಾ ಜೀಪಿನ ಎಂಜಿನ್ನಿನ ಕಂಪನ. 400 ಮಿ.ಮೀ. ಮಸೂರಕ್ಕೆ ಶಟರ್ ವೇಗ ಸೆಕೆಂಡಿನ 1/400 ಭಾಗಕ್ಕಿಂತ ನಿಧಾನವಾಗಬಾರದೆಂಬುದು ರೂಢಿಯ ಲೆಕ್ಕ. ಓಡುವ ಪ್ರಾಣಿಗೆ 1/1000 ಅಥವಾ ಅದಕ್ಕೂ ಹೆಚ್ಚಿನ ವೇಗ ಬೇಕು. ರಾಗಿಯನ್ನೋ ಮರಳನ್ನೋ ತುಂಬಿದ ಬಟ್ಟೆಯ ಚೀಲವನ್ನು ವಾಹನದ ಕಿಟಕಿಯ ಮೇಲಿಟ್ಟು ಅದರ ಮೇಲೆ ಮಸೂರವನ್ನು ಒರಗಿಸುವುದು ಅಗ್ಗದ, ಆದರೆ ಬಲು ಒಳ್ಳೆಯ ಉಪಾಯ. ನಡುಹಗಲಿನಲ್ಲಿ ಕಾದ ನೆಲದಿಂದ ಏಳುವ ಬಿಸಿಗಾಳಿಯೂ ದೂರದ ಚಿತ್ರವನ್ನು ಕದಡುತ್ತದೆ. ಅದನ್ನು ಯಾವ ದುಬಾರಿ ಮಸೂರವೂ ತಡೆಯದು.

ಬಂಡೀಪುರದಲ್ಲಿ ಹಬ್ಬಿರುವ ಲಂಟಾನ ಪೊದೆಗಳ ಹಿಂದೆ ಪ್ರಾಣಿ ನಿಂತಾಗ ಕ್ಯಾಮೆರಾ ಮುಂದಿನ ಕಡ್ಡಿಗೇ ಫೋಕಸ್ ಮಾಡಿಬಿಡುತ್ತದೆ. ಒಂದೇ ಫೋಕಸ್ ಬಿಂದುವನ್ನು ಆಯ್ದು ಪ್ರಾಣಿಯ ಕಣ್ಣಿನ ಮೇಲಿಟ್ಟರೆ ಈ ತೊಂದರೆ ಕಡಿಮೆಯಾಗುತ್ತದೆ.

ಕಪ್ಪು ಕಾಟಿ ಚೌಕಟ್ಟನ್ನು ತುಂಬಿದರೆ ಕ್ಯಾಮೆರಾ ಅದನ್ನು ಬೂದು ಬಣ್ಣಕ್ಕೆ ತರಲು ಯತ್ನಿಸಿ ಚಿತ್ರವನ್ನು ಅತಿಯಾಗಿ ಬೆಳಗಿಸುತ್ತದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬಿಳಿ ಮಂಜು ಇದೇ ಕಾರಣಕ್ಕೆ ಮಂಕಾಗಿ ಕಾಣುತ್ತದೆ. ಎಕ್ಸ್‌ಪೋಷರ್ ಹೊಂದಾಣಿಕೆಯನ್ನು ಮೊದಲನೆಯದಕ್ಕೆ ಸ್ವಲ್ಪ ಇಳಿಸಬೇಕು, ಎರಡನೆಯದಕ್ಕೆ ಏರಿಸಬೇಕು.

ಸುರಕ್ಷಿತ ಅಂತರ

ಮೊಬೈಲ್ ಕ್ಯಾಮೆರಾಗಳ ಮುಖ್ಯ ಮಸೂರ ವಿಶಾಲ ಕೋನದ್ದು. ಅದರಲ್ಲಿ ಆನೆ ದೊಡ್ಡದಾಗಿ ಕಾಣಬೇಕಾದರೆ ತೀರ ಸಮೀಪ ಹೋಗಬೇಕಾಗುತ್ತದೆ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ಕಾಡಿನ ರಸ್ತೆಯಲ್ಲಿ ಆನೆಯ ಚಿತ್ರಕ್ಕಾಗಿ ವಾಹನದಿಂದ ಇಳಿದ ವ್ಯಕ್ತಿಯೊಬ್ಬರನ್ನು ಅದು ಅಟ್ಟಿಸಿಕೊಂಡು ಬಂದು ತುಳಿಯಿತು. ಅವರು ಗಾಯಗೊಂಡು ಬದುಕುಳಿದರು. ಪ್ರಾಣಿ ಕಿವಿ ನಿಮಿರಿಸಿ ಛಾಯಾಗ್ರಾಹಕನತ್ತ ತಿರುಗಿತೆಂದರೆ ಅಂತರ ಆಗಲೇ ಕಡಿಮೆಯಾಗಿದೆ ಎಂದರ್ಥ. ಫ್ಲ್ಯಾಷ್ ಬಳಕೆಯೂ ಸಲ್ಲದು. ದೂರದ ಪ್ರಾಣಿಯನ್ನು ಅದರ ಬೆಳಕು ಮುಟ್ಟುವುದೇ ಇಲ್ಲ, ಹತ್ತಿರದ್ದನ್ನು ಬೆದರಿಸುತ್ತದೆ.

ಸಂರಕ್ಷಣೆ

ಮಳೆಗಾಲದ ತೇವದಲ್ಲಿ ಮಸೂರದ ಗಾಜಿನ ಮೇಲೆ ಬೂಷ್ಟು ಬೆಳೆಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮಸೂರವನ್ನು ಇಡುವುದು ವಾಡಿಕೆ. ಧೂಳನ್ನು ಮೊದಲು ಗಾಳಿಯ ಬುರುಡೆಯಿಂದ ಊದಿ, ಬಳಿಕವಷ್ಟೇ ಮೃದು ಬಟ್ಟೆಯಿಂದ ಒರೆಸಬೇಕು. ನೇರವಾಗಿ ಒರೆಸಿದರೆ ಮಣ್ಣಿನ ಕಣಗಳು ಗಾಜನ್ನು ಗೀರುತ್ತವೆ.