ಪಾದರಸ ಮತ್ತು ಇಂಗಾಲ: ಕಬ್ಬಿನ ಬೀಜೋಪಚಾರದಲ್ಲಿ ತಿಳಿದಿರಬೇಕಾದ ಸಂಗತಿ

ಆಲಮೇಲ, ಸಿಂದಗಿ ಹಾಗೂ ಇಂಡಿ ಭಾಗದ ನೀರಾವರಿ ಜಮೀನುಗಳಲ್ಲಿ ಕಬ್ಬು ಪ್ರಮುಖ ಬೆಳೆಯಾಗಿದೆ. ಕಬ್ಬಿನ ತುಂಡುಗಳನ್ನು ನಾಟಿಗೆ ಮುನ್ನ ಪಾದರಸಯುಕ್ತ ಶಿಲೀಂಧ್ರನಾಶಕದಲ್ಲಿ ಅದ್ದಬೇಕೆಂಬ ಶಿಫಾರಸು ಹಿಂದೆ ಬಳಕೆಯಲ್ಲಿತ್ತು. ಅರೆಟಾನ್, ಅಗಲಾಲ್, ಎಮಿಸಾನ್ ಎಂಬ ಹೆಸರುಗಳಲ್ಲಿ ದೊರೆಯುತ್ತಿದ್ದ ಈ ಔಷಧಿಗಳಲ್ಲಿದ್ದುದು ಮಿಥಾಕ್ಸಿ ಈಥೈಲ್ ಮರ್ಕ್ಯುರಿ ಕ್ಲೋರೈಡ್. ಕೇಂದ್ರ ಸರ್ಕಾರವು 2018ರ ಆಗಸ್ಟ್‌ನಲ್ಲಿ ಇದನ್ನು ಸಂಪೂರ್ಣವಾಗಿ ನಿಷೇಧಿಸಿದೆ.

ಇಂಗಾಲದ ನಂಟು ಏಕೆ ಅಪಾಯಕಾರಿ?

ದ್ರವರೂಪದ ಪಾದರಸವು ಹೊಟ್ಟೆಗೆ ಸೇರಿದರೆ ರಕ್ತಕ್ಕೆ ಸೇರುವ ಪ್ರಮಾಣ ಅತ್ಯಲ್ಪ. ಅದರ ಆವಿಯೇ ಹೆಚ್ಚು ಅಪಾಯಕಾರಿ. ಆದರೆ ಪಾದರಸವು ಇಂಗಾಲದೊಡನೆ ಬೆಸೆದು ಮಿಥೈಲ್ ಪಾದರಸವಾದಾಗ, ಸೇವಿಸಿದ ವಿಷದ ಬಹುಪಾಲು ಕರುಳಿನಿಂದ ರಕ್ತಕ್ಕೆ ಸೇರಿ, ಮಿದುಳನ್ನೂ ಗರ್ಭದಲ್ಲಿರುವ ಶಿಶುವನ್ನೂ ತಲುಪುತ್ತದೆ. ಈ ಬೆಸುಗೆಯು ನೀರಿನಿಂದಾಗಲಿ ಗಾಳಿಯಿಂದಾಗಲಿ ಸುಲಭವಾಗಿ ಮುರಿಯುವುದಿಲ್ಲ.

ಬೀಜೋಪಚಾರದ ಔಷಧಿಯು ಮಣ್ಣಿನಲ್ಲಿ ವಿಘಟನೆಗೊಂಡರೂ ಪಾದರಸವು ಮೂಲಧಾತುವಾದುದರಿಂದ ನಾಶವಾಗುವುದಿಲ್ಲ. ಅದು ಹರಿದು ಹಳ್ಳ, ಕೆರೆಗಳ ಆಮ್ಲಜನಕವಿಲ್ಲದ ಕೆಸರನ್ನು ಸೇರಿದರೆ, ಅಲ್ಲಿನ ಕೆಲವು ಬ್ಯಾಕ್ಟೀರಿಯಾಗಳು ಅದಕ್ಕೆ ಇಂಗಾಲವನ್ನು ಜೋಡಿಸಿ ಮಿಥೈಲ್ ಪಾದರಸವನ್ನಾಗಿ ಪರಿವರ್ತಿಸುತ್ತವೆ. ಮುಂದೆ ಅದು ಮೀನುಗಳಲ್ಲಿ ಸಂಗ್ರಹವಾಗುತ್ತ ಹೋಗುತ್ತದೆ.

ಇರಾಕಿನ ಪಾಠ

1971–72ರಲ್ಲಿ ಇರಾಕಿನಲ್ಲಿ ಮಿಥೈಲ್ ಪಾದರಸದಿಂದ ಉಪಚರಿಸಿದ ಬಿತ್ತನೆ ಗೋಧಿಯಿಂದ ರೊಟ್ಟಿ ಮಾಡಿ ತಿಂದ 6,500ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಆಸ್ಪತ್ರೆಗಳಲ್ಲಿಯೇ 459 ಮಂದಿ ಮೃತರಾದರು. ಕಾಳನ್ನು ತೊಳೆದಾಗ ಎಚ್ಚರಿಕೆಯ ಕೆಂಪು ಬಣ್ಣ ಹೋಗಿತ್ತು, ವಿಷ ಹೋಗಿರಲಿಲ್ಲ. ತಿಂದ ಕೆಲವು ವಾರಗಳ ನಂತರ ಲಕ್ಷಣಗಳು ಕಾಣಿಸಿಕೊಂಡಿದ್ದರಿಂದ ಅಪಾಯವು ಮೊದಲು ಅರಿವಿಗೇ ಬರಲಿಲ್ಲ.

ರೈತರು ಮಾಡಬೇಕಾದುದು

1. ರೋಗರಹಿತ ಬೀಜದ ತಾಕಿನಿಂದಲೇ ತುಂಡುಗಳನ್ನು ಆಯ್ದುಕೊಳ್ಳಬೇಕು. ಕಾಡಿಗೆ ರೋಗ ಕಂಡ ತಾಕಿನ ಕಬ್ಬನ್ನು ಬೀಜಕ್ಕೆ ಬಳಸಬಾರದು.
2. ತುಂಡು ಕೊಳೆಯುವುದನ್ನು ತಡೆಯಲು ಪ್ರತಿ ಲೀಟರ್ ನೀರಿಗೆ 1 ಗ್ರಾಂ ಕಾರ್ಬೆಂಡಜಿಮ್ 50 ಡಬ್ಲ್ಯೂ.ಪಿ. ಬೆರೆಸಿ, 15 ನಿಮಿಷ ಅದ್ದಿ ನಾಟಿ ಮಾಡಬೇಕು. ಕೈಗವಸು ಧರಿಸುವುದು ಕಡ್ಡಾಯ.
3. ಬೀಜದ ತಾಕಿಗೆ ನಾಟಿ ಮಾಡುವ ತುಂಡುಗಳಿಗೆ 50 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 2 ಗಂಟೆ ಉಪಚಾರ ನೀಡುವುದು ಉತ್ತಮ.
4. ಉಪಚರಿಸಿ ಉಳಿದ ತುಂಡುಗಳನ್ನು ದನಗಳಿಗೆ ಹಾಕಬಾರದು.
5. ಹಳೆಯ ಪಾದರಸಯುಕ್ತ ಔಷಧಿಯ ಡಬ್ಬಿಗಳಿದ್ದರೆ ಅವುಗಳನ್ನು ಸುಡಬಾರದು, ಹೂಳಬಾರದು, ನೀರಿಗೆ ಸುರಿಯಬಾರದು. ಸುಟ್ಟರೆ ಪಾದರಸ ಆವಿಯಾಗುತ್ತದೆ. ಮುಚ್ಚಳ ಬಿಗಿಗೊಳಿಸಿ, ಮಕ್ಕಳ ಕೈಗೆಟುಕದಂತೆ ಪ್ರತ್ಯೇಕವಾಗಿ ಇರಿಸಿ, ಸಮೀಪದ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಬೇಕು.

ವಿಸ್ತರಣಾ ಕಾರ್ಯಕರ್ತರು ತಮ್ಮಲ್ಲಿರುವ ಹಳೆಯ ಕೈಪಿಡಿಗಳನ್ನು ಪರಿಶೀಲಿಸಿ, ಪಾದರಸಯುಕ್ತ ಔಷಧಿಯ ಶಿಫಾರಸು ಇದ್ದಲ್ಲಿ ಅದನ್ನು ಹೊಡೆದುಹಾಕುವುದು ಅವಶ್ಯ.