ಪದ್ಮಿನಿಯ ಮೂಗಿಗೆ ಹೊಸ ನತ್ತು. ಧೂಳಿಗೆ ಯಾರು ಜವಾಬು?

ಬಳ್ಳಾರಿಗೆ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡು ಬೇಸಿಗೆ ಎಂದು ಊರವರೇ ತಮಾಷೆ ಮಾಡುವುದುಂಟು. ಮೂರನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಧೂಳುಗಾಲ. ಸಂಡೂರು, ತೋರಣಗಲ್ಲು ಕಡೆಯಿಂದ ಬಸ್ಸಿನ ಕಿಟಕಿ ಪಕ್ಕ ಕೂತು ಬಂದವರ ಅಂಗಿ ಕಾಲರ್ ನೋಡಿದರೆ ಸಾಕು, ಬೇರೆ ಸಾಕ್ಷಿ ಬೇಡ. 2011ರಲ್ಲಿ ಸುಪ್ರೀಂ ಕೋರ್ಟು ಇಲ್ಲಿನ ಗಣಿಗಾರಿಕೆಗೆ ತಡೆ ಹಾಕಿತು. ಆಮೇಲೆ ಷರತ್ತಿನ ಮೇಲೆ ಗಣಿಗಳು ತೆರೆದವು, ಅದಿರಿನ ಲಾರಿಗಳೂ ಬಂದವು, ಕೆಂಪು ಧೂಳೂ ಬಂತು.

ಮನುಷ್ಯನಾದರೆ ಮೂಗಿಗೆ ಕರ್ಚೀಫ್ ಹಿಡಿಯುತ್ತಾನೆ. ಕಾರಿನ ಮೂಗಿಗೆ ಕರ್ಚೀಫ್ ಎಂದರೆ ಏರ್ ಫಿಲ್ಟರ್. ಹಳೇ ಫಿಯೆಟ್, ಪದ್ಮಿನಿ ಇಟ್ಟುಕೊಂಡ ಶೋಕಿಲಾಲರು ಈಗ ಆ ಕರ್ಚೀಫನ್ನೇ ಕಿತ್ತು ಬೇರೆ ಹಾಕಿಸುತ್ತಿದ್ದಾರೆ. ಕಾರ್ಬುರೇಟರ್ ಮೇಲೆ ಕೂತಿದ್ದ ಕಪ್ಪು ತಗಡಿನ ಡಬ್ಬಿ ಗುಜರಿಗೆ, ಅದರ ಜಾಗದಲ್ಲಿ ಪಳಪಳ ಹೊಳೆಯುವ ಶಂಕುವಿನಾಕಾರದ ಕೆಂಪು ಫಿಲ್ಟರ್. ಬಾನೆಟ್ ಎತ್ತಿದರೆ ನೋಡಲು ಚೆಂದ, ಆಕ್ಸಿಲರೇಟರ್ ಒತ್ತಿದರೆ ಗುಟುರು. "ಪವರ್ ಬಂದೈತ್ರೀ" ಎಂದು ಯಜಮಾನರು ಮೀಸೆ ತಿರುವುತ್ತಾರೆ.

ಪವರ್ ಬಂತೋ, ಬರೀ ಸದ್ದು ಬಂತೋ? ಇಲ್ಲಿರುವುದು ಅದೇ ಪ್ರಶ್ನೆ.

ಹೋದ ಕಾರು ಮತ್ತೆ ಬರದು

ಇಟಲಿಯ ಫಿಯೆಟ್ 1100 ಮಾದರಿಯನ್ನು ಮುಂಬೈ ಕುರ್ಲಾದ ಪ್ರೀಮಿಯರ್ ಕಾರ್ಖಾನೆ ನಮ್ಮ ದೇಶದಲ್ಲಿ ತಯಾರಿಸಿತು. 1970ರ ದಶಕದಲ್ಲಿ ಅದೇ ಕಾರಿಗೆ ಪದ್ಮಿನಿ ಎಂಬ ಹೆಸರು ಬಂತು. ಸ್ಟೀರಿಂಗ್ ಪಕ್ಕದಲ್ಲೇ ಗೇರು, 1089 ಸಿ.ಸಿ.ಯ ನಾಲ್ಕು ಸಿಲಿಂಡರ್ ಇಂಜಿನ್, ಒಂದೇ ಒಂದು ಸೋಲೆಕ್ಸ್ ಕಾರ್ಬುರೇಟರ್. ಡಾಕ್ಟರು, ವಕೀಲರು, ಸಾಹುಕಾರರು ಎಲ್ಲರ ಮನೆ ಮುಂದೂ ಒಂದು ಕಾಲಕ್ಕೆ ಇದೇ ನಿಂತಿರುತ್ತಿತ್ತು. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿ ಎಂದರೂ ಇದೇ. ವಯಸ್ಸಿನ ಮಿತಿ ಮುಗಿದು 2023ರ ಅಕ್ಟೋಬರ್ ಕೊನೆಗೆ ಅಲ್ಲಿನ ಪದ್ಮಿನಿ ಟ್ಯಾಕ್ಸಿಗಳೂ ರಸ್ತೆ ಬಿಟ್ಟವು.

ಕಾರ್ಖಾನೆ ಪದ್ಮಿನಿ ತಯಾರಿಕೆ ನಿಲ್ಲಿಸಿ 20 ವರ್ಷದ ಮೇಲಾಯಿತು. ಇಂದು ಪಿಸ್ಟನ್, ರಿಂಗು, ಬೇರಿಂಗು ಬೇಕೆಂದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿ ಅಂಗಡಿ ಅಲೆಯಬೇಕು. ಅಪ್ಪ ಓಡಿಸಿದ ಕಾರು, ಮಗ ಉಳಿಸಿಕೊಂಡಿದ್ದಾನೆ. ಅದರ ಇಂಜಿನ್ ಸವೆದರೆ ಬೇರೆ ತರುವುದು ಎಲ್ಲಿಂದ?

ಒಂದು ಲೀಟರಿಗೆ ಒಂಬತ್ತು ಸಾವಿರ

ಒಂದು ತೂಕದ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 15 ತೂಕದ ಗಾಳಿ ಬೇಕು. ಲೀಟರಿನ ಲೆಕ್ಕದಲ್ಲಿ ಹೇಳಿದರೆ, ಒಂದು ಲೀಟರ್ ಪೆಟ್ರೋಲಿಗೆ ಹೆಚ್ಚುಕಮ್ಮಿ 9,000 ಲೀಟರ್ ಗಾಳಿ. ಹೊಸಪೇಟೆಗೆ ಹೋಗಿ ಬರಲು ಹತ್ತು ಲೀಟರ್ ಸುಟ್ಟರೆ 90,000 ಲೀಟರ್ ಗಾಳಿ ಆ ಪುಟ್ಟ ಇಂಜಿನ್ನಿನ ಹೊಟ್ಟೆಗೆ ಹೋಯಿತು ಎಂದಾಯಿತು. ಆ ಗಾಳಿಯ ಜೊತೆಗೆ ಧೂಳೂ ಒಳಗೆ ಹೊರಟಿರುತ್ತದೆ.

ಕಣ್ಣಿಗೆ ಕಾಣುವ ಕಲ್ಲು, ಹುಲ್ಲುಕಡ್ಡಿ ಇಂಜಿನ್ನಿಗೆ ದೊಡ್ಡ ಶತ್ರುವಲ್ಲ, ಅದನ್ನು ಎಂಥ ಜಾಲರಿಯೂ ತಡೆಯುತ್ತದೆ. ತಲೆಗೂದಲಿನ ದಪ್ಪದ ಏಳನೇ ಒಂದು ಪಾಲಿನಷ್ಟು ಸಣ್ಣ ಹುಡಿ ಇರುತ್ತದಲ್ಲ, ಕೊಲ್ಲುವುದು ಅದು. ಪಿಸ್ಟನ್ ರಿಂಗಿಗೂ ಸಿಲಿಂಡರ್ ಗೋಡೆಗೂ ನಡುವೆ ಇರುವುದು ಎಣ್ಣೆಯ ತೆಳು ಪೊರೆ. ಮರಳಿನ ಹುಡಿ, ಅದಿರಿನ ಹುಡಿ ಆ ಪೊರೆಗೆ ಸೇರಿದರೆ ಎಣ್ಣೆಯೇ ಉಜ್ಜುವ ಪೇಸ್ಟು. ಮೊದಲು ಎಣ್ಣೆ ಕುಡಿಯಲು ಶುರು, ಆಮೇಲೆ ನೀಲಿ ಹೊಗೆ, ಕಡೆಗೆ ಬೋರಿಂಗ್ ಅಂಗಡಿ.

ಸದ್ದಿಗೆ ಮೋಸ ಹೋಗಬೇಡಿ

ಹಳೇ ತಗಡಿನ ಡಬ್ಬಿಗೆ ಎರಡು ಕೆಲಸ. ಒಂದು ಗಾಳಿ ಸೋಸುವುದು, ಇನ್ನೊಂದು ಕಾರ್ಬುರೇಟರ್ ಗಾಳಿ ಎಳೆಯುವ ಸದ್ದನ್ನು ಅಡಗಿಸುವುದು. ಡಬ್ಬಿ ತೆಗೆದ ಕೂಡಲೇ ಆ ಸದ್ದು ಹೊರಗೆ ಬರುತ್ತದೆ. ಕಿವಿಗೆ ಗುಟುರು ಕೇಳಿದರೆ ಕಾರು ಜಾಸ್ತಿ ಓಡಿದಂತೆ ಮನಸ್ಸಿಗೆ ಅನ್ನಿಸುತ್ತದೆ. ಸ್ಪೀಡೋಮೀಟರ್ ಮುಳ್ಳಿಗೆ ಮಾತ್ರ ಹಾಗೆ ಅನ್ನಿಸುವುದಿಲ್ಲ!

ಇನ್ನೊಂದು ಸಂಗತಿ ಬಿಸಿಲಿನದು. ಬಾನೆಟ್ ಒಳಗೆ ಬೆತ್ತಲೆ ಕೂತ ಶಂಕು ಫಿಲ್ಟರ್ ಹೀರುವುದು ಇಂಜಿನ್ ಕಾಯಿಸಿದ ಗಾಳಿಯನ್ನೇ. ಹೊರಗೆ 40 ಡಿಗ್ರಿ, ಬಾನೆಟ್ ಒಳಗೆ 60 ಡಿಗ್ರಿ ಇದ್ದರೆ ಗಾಳಿಯ ತೂಕ ಶೇಕಡಾ 6ರಷ್ಟು ಇಳಿಯುತ್ತದೆ. ಗಾಳಿ ಹಗುರಾದರೆ ಉರಿಯುವ ಪೆಟ್ರೋಲೂ ಕಡಿಮೆ, ಕಸುವೂ ಕಡಿಮೆ. ಹೊಸ ಫಿಲ್ಟರಿನಿಂದ ಸಿಕ್ಕ ಚೂರುಪಾರು ಲಾಭವನ್ನು ಬಿಸಿಗಾಳಿ ಬಡ್ಡಿ ಸಮೇತ ವಸೂಲು ಮಾಡಿಕೊಂಡಿತು. ಬಾನೆಟ್ಟಿನ ಹೊರಗಿನ ತಂಪು ಗಾಳಿ ಫಿಲ್ಟರಿನ ಬಾಯಿಗೆ ಬರುವಂತೆ ಒಂದು ಪೈಪು ಎಳೆದು, ಇಂಜಿನ್ ಕಡೆಗೆ ತಗಡು ಅಡ್ಡ ಕೊಟ್ಟರೆ ಮಾತು ಬೇರೆ. ಆದರೆ ಅಷ್ಟು ಮಾಡಿಸುವವರು ಎಷ್ಟು ಮಂದಿ?

ಜೆಟ್ಟು ಮರೆತರೆ ಕೆಟ್ಟಿತು

ಅನುಭವ ಇದ್ದ ಮೇಸ್ತ್ರಿ ಮೊದಲು ಕೇಳುವುದು ಜೆಟ್ಟಿನ ಸುದ್ದಿ. ಫಿಲ್ಟರ್ ಗಾಳಿಯನ್ನು ಸ್ವಲ್ಪ ತಡೆಯುತ್ತದೆ. ಆ ತಡೆಯಿಂದ ಕಾರ್ಬುರೇಟರಿನಲ್ಲಿ ಎಳೆತ ಹೆಚ್ಚಿ ಪೆಟ್ರೋಲ್ ಒಂದಿಷ್ಟು ಜಾಸ್ತಿ ಬರುತ್ತದೆ. ಕಾರ್ಖಾನೆಯವರು ಇದನ್ನೆಲ್ಲ ಲೆಕ್ಕ ಹಾಕಿಯೇ ಜೆಟ್ ಇಟ್ಟಿರುತ್ತಾರೆ. ತಡೆ ಕಡಿಮೆ ಇರುವ ಫಿಲ್ಟರ್ ಹಾಕಿದರೆ ಎಳೆತ ಇಳಿದು ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆಗುತ್ತದೆ. ಫ್ಲೋಟ್ ಚೇಂಬರಿನ ಉಸಿರು ರಂಧ್ರ ಫಿಲ್ಟರಿನ ಹೊರಗಿರುವ ಕಾರ್ಬುರೇಟರಿನಲ್ಲಂತೂ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಪೆಟ್ರೋಲ್ ಉಳಿಯಿತು ಎಂದು ಖುಷಿಪಡುವ ವಿಷಯವಲ್ಲ ಇದು. ಇಂಜಿನ್ ಬಿಸಿಯಾಗುತ್ತದೆ, ಏರಿನಲ್ಲಿ ಟಿಕಟಿಕ ಬಡಿಯುತ್ತದೆ, ಎಳೆಯುವಾಗ ಮುಗ್ಗರಿಸುತ್ತದೆ, ಕಾರ್ಬುರೇಟರ್ ಬಾಯಲ್ಲಿ "ಪಟ್" ಎಂದು ಸೀನುತ್ತದೆ.

ಇದಕ್ಕೆ ಕಂಪ್ಯೂಟರ್ ಬೇಡ, ಸ್ಪಾರ್ಕ್ ಪ್ಲಗ್ಗೇ ಜಾತಕ ಹೇಳುತ್ತದೆ. ಹತ್ತು ಕಿಲೋಮೀಟರ್ ಚೆನ್ನಾಗಿ ಓಡಿಸಿ, ಪ್ಲಗ್ ಬಿಚ್ಚಿ ನೋಡಿ. ತುದಿ ಬಿಸ್ಕತ್ತಿನ ಕಂದು ಬಣ್ಣ ಇದ್ದರೆ ಸರಿ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು, ಮೈನ್ ಜೆಟ್ ಒಂದು ನಂಬರ್ ದೊಡ್ಡದು ಬೇಕು. ಕಾಡಿಗೆಯ ಹಾಗೆ ಕರ್ರಗಿದ್ದರೆ ಪೆಟ್ರೋಲ್ ಜಾಸ್ತಿ, ಹೊಗೆ ತಪಾಸಣೆಯಲ್ಲೂ ಕಾರು ಫೇಲಾದೀತು. ಜೆಟ್ಟಿನ ತೂತನ್ನು ಸೂಜಿ ಹಾಕಿ ದೊಡ್ಡದು ಮಾಡುವ ಕೈಚಳಕ ಮಾತ್ರ ಬೇಡವೇ ಬೇಡ. ಒಮ್ಮೆ ಕೆಟ್ಟ ಜೆಟ್ಟು ಸರಿಹೋಗುವುದಿಲ್ಲ.

ಹಾಕಿಸಲೇಬೇಕು ಎನ್ನುವವರಿಗೆ

ಆಸೆ ಪಟ್ಟವರನ್ನು ತಡೆಯುವವರು ಯಾರು? ಹಾಕಿಸಲಿ, ಆದರೆ ಗ್ಯಾರೇಜಿನಲ್ಲಿ ಪಕ್ಕದಲ್ಲೇ ನಿಂತು ಇಷ್ಟನ್ನು ನೋಡಿಕೊಳ್ಳಲಿ:

ಹಳೇ ಡಬ್ಬಿ ಬಿಚ್ಚಿದ ತಕ್ಷಣ ಕಾರ್ಬುರೇಟರ್ ಬಾಯಿಗೆ ಸ್ವಚ್ಛ ಬಟ್ಟೆ ಮುಚ್ಚಬೇಕು. ಒಂದು ನಟ್ಟೋ ವಾಷರ್ರೋ ಒಳಗೆ ಬಿದ್ದು ಸಿಲಿಂಡರ್ ಸೇರಿದರೆ ಹೆಡ್ ಬಿಚ್ಚುವುದೇ ಗತಿ.

ಫಿಲ್ಟರಿನ ಕುತ್ತಿಗೆಯ ಅಳತೆ ಕಾರ್ಬುರೇಟರ್ ಬಾಯಿಗೆ ಸರಿಯಾಗಿ ಹೊಂದಬೇಕು. ಹೊಂದದಿದ್ದರೆ ಸೈಕಲ್ ಟ್ಯೂಬು ಸುತ್ತಿ ಕ್ಲಿಪ್ ಬಿಗಿಯುವುದು ಕೆಲವು ಕಡೆ ರೂಢಿ. ಆ ಸಂದಿಯಲ್ಲಿ ನುಗ್ಗಿದ ಗಾಳಿಗೆ ಫಿಲ್ಟರೇ ಇಲ್ಲ ಎಂದು ತಿಳಿಯಿರಿ. ಎಷ್ಟೇ ದುಬಾರಿ ಫಿಲ್ಟರ್ ಇದ್ದರೂ ಸಂದಿ ಬಿಟ್ಟರೆ ಬಾಗಿಲು ಹಾಕಿ ಕಿಟಕಿ ತೆರೆದಂತೆ.

ಇಂಜಿನ್ ಹೊಟ್ಟೆಯಿಂದ ಎಣ್ಣೆ ಹಬೆ ತರುವ ರಬ್ಬರ್ ಪೈಪು ಹಳೇ ಡಬ್ಬಿಗೆ ಸೇರಿದ್ದರೆ ಅದನ್ನು ಹೊಸ ಫಿಲ್ಟರಿಗೂ ಸೇರಿಸಬೇಕು, ಇಲ್ಲವೇ ಅದಕ್ಕೇ ಒಂದು ಪುಟ್ಟ ಫಿಲ್ಟರ್ ಕೊಡಬೇಕು. ಬಾಯಿ ತೆರೆದು ಬಿಟ್ಟರೆ ಇಂಜಿನ್ ತುಂಬ ಎಣ್ಣೆ ಜಿಡ್ಡು, ಮೇಲೆ ಧೂಳು.

ಬಾನೆಟ್ ಮುಚ್ಚಿದಾಗ ತಗಲುತ್ತದೆಯೇ ಎಂದು ನೋಡಬೇಕು. ಸಂಶಯ ಬಂದರೆ ಫಿಲ್ಟರ್ ಮೇಲೆ ಹಿಟ್ಟಿನ ಉಂಡೆ ಇಟ್ಟು ಮುಚ್ಚಿ ತೆರೆದರೆ ಎಷ್ಟು ಜಾಗ ಇದೆ ಎಂಬುದು ಗೊತ್ತಾಗುತ್ತದೆ.

ಎಣ್ಣೆ ಹಚ್ಚಿದ ಹತ್ತಿಬಟ್ಟೆಯ ಫಿಲ್ಟರ್ ಆದರೆ ತೊಳೆದು, ನೆರಳಲ್ಲಿ ಒಣಗಿಸಿ, ಮತ್ತೆ ಅದರದೇ ಎಣ್ಣೆ ಹದವಾಗಿ ಹಚ್ಚಬೇಕು. ಧೂಳು ಹಿಡಿಯುವುದು ಆ ಎಣ್ಣೆಯ ಅಂಟು. ಎಣ್ಣೆ ಇಲ್ಲದೆ ಹಾಕಿದರೆ ಅದು ಬರೀ ಜಾಲರಿ.

ಹಳೇ ಡಬ್ಬಿಯೇ ವಾಸಿ

ಇಷ್ಟೆಲ್ಲ ಆಗದು ಎನ್ನುವವರಿಗೆ ಸುಲಭದ ದಾರಿ ಹಳೇ ಡಬ್ಬಿಯೇ. ತುಕ್ಕು ತೆಗೆಸಿ, ಬಣ್ಣ ಹೊಡೆಸಿ, ಒಳಗೆ ಸರಿಯಾದ ಅಳತೆಯ ಹೊಸ ಕಾಗದದ ಫಿಲ್ಟರ್, ಕೆಳಗೆ ಹೊಸ ಗ್ಯಾಸ್ಕೆಟ್ ಹಾಕಿಸಿದರೆ ಈ ಪುಟ್ಟ ಇಂಜಿನ್ನಿಗೆ ಉಸಿರು ಧಾರಾಳ. ಬಹಳ ಕಾರುಗಳಲ್ಲಿ ಕಸುವು ಕುಂದಿರುವುದು ಡಬ್ಬಿಯ ದೋಷದಿಂದಲ್ಲ, ವರ್ಷಗಟ್ಟಲೆ ಬದಲಿಸದ ಕಾಗದದಿಂದ. ಪೆಟ್ರೋಲ್ ಬಂಕಿನ ಕಂಪ್ರೆಸರ್ ಗಾಳಿಯನ್ನು ಜೋರಾಗಿ ಬಿಟ್ಟರೆ ಆ ಕಾಗದ ಕಣ್ಣಿಗೆ ಕಾಣದಂತೆ ಹರಿಯುತ್ತದೆ. ಊದುವುದಾದರೆ ಮೆಲ್ಲಗೆ, ಒಳಗಿನಿಂದ ಹೊರಕ್ಕೆ. ಮಾಮೂಲಿ ಊರುಗಳಿಗೆ ಹೇಳಿದ ಅವಧಿಗೆ ಮುಂಚೆಯೇ ಇಲ್ಲಿ ಬದಲಿಸುವುದು ಲೇಸು.

ಹೊಸದೋ ಹಳೆಯದೋ, ಪರೀಕ್ಷೆ ಒಂದೇ. ಐನೂರು ಕಿಲೋಮೀಟರ್ ಓಡಿಸಿದ ಮೇಲೆ ಇಂಜಿನ್ ನಿಲ್ಲಿಸಿ, ತಣ್ಣಗಾದ ಬಳಿಕ ಫಿಲ್ಟರ್ ತೆಗೆದು, ಕಾರ್ಬುರೇಟರ್ ಬಾಯಿಯ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಕೆಂಪು ಹತ್ತಿತೋ, ಆ ಫಿಲ್ಟರ್ ಯಾವ ದೇಶದ್ದಾದರೂ ಸರಿ, ಯಾವ ಬೆಲೆಯದ್ದಾದರೂ ಸರಿ, ಅದೇ ದಿನ ತೆಗೆಸಿ.